ಮರೆತ ಮಟ್ಟುಗಳ ಮೇಷ್ಟರು

ಹಳೆಯ ಕಂಪೆನಿ ನಾಟಕದ ಹಾಡಿನ ಪುಸ್ತಕವೊಂದು ಮನೆಯ ಅಟ್ಟದ ಮೇಲಿದ್ದರೆ ಇಳಿಸಿ ನೋಡಬಹುದು. ಹಾಡಿನ ನೆತ್ತಿಯ ಮೇಲೆ ರಾಗದ ಹೆಸರು, ತಾಳದ ಹೆಸರು. ಹೆಚ್ಚೆಂದರೆ, ಇಂಥ ಹಾಡಿನ ಮಟ್ಟು ಎಂಬ ಒಂದು ಮಾತು. ಸ್ವರಲಿಪಿಯನ್ನು ಅಲ್ಲಿ ಹುಡುಕುವುದು ವ್ಯರ್ಥ. ಆ ಮಟ್ಟಿನ ಮೂಲ ಯಾವುದೋ ಮರಾಠಿ ಅಥವಾ ಪಾರ್ಸಿ ಕಂಪೆನಿಯ ಹಾಡಾಗಿದ್ದು, ಬಲ್ಲವರು ಇಲ್ಲವಾದರೆಂದರೆ, ಸಾಹಿತ್ಯ ಕಣ್ಣೆದುರಿಗಿದ್ದೂ ಹಾಡು ಮೂಕವಾಗುತ್ತದೆ. ಆಗ ಅದಕ್ಕೆ ಬಾಯಿ ಬರಿಸಬಲ್ಲವರು, ಬೆಳಗಿನ ಜಾವದವರೆಗೂ ಅದನ್ನು ನುಡಿಸುತ್ತಿದ್ದ ಹಾರ್ಮೋನಿಯಂ ಮೇಷ್ಟರೊಬ್ಬರೇ.

ಅಂಥ ಮೇಷ್ಟರ ಸಾಲಿಗೆ ಸೇರಿದವರು ಆರ್. ಪರಮಶಿವನ್. ಅವರು ಹುಟ್ಟಿದ್ದು 1931ರಲ್ಲಿ, ಚಳ್ಳಕೆರೆಯಲ್ಲಿ. ಶೇಂಗಾ, ಕುರಿ, ಕಂಬಳಿಗಳ ಆ ಬೆಂಗಾಡಿಗೂ ಸಂಗೀತಕ್ಕೂ ಎಲ್ಲಿಯ ನಂಟು ಎಂದು ಹುಬ್ಬೇರಿಸುವವರು ತರಾಸು ಅವರ ‘ಹಂಸಗೀತೆ’ಯನ್ನು ನೆನೆದುಕೊಳ್ಳಬೇಕು. ದುರ್ಗದ ಸಂಗೀತಗಾರನ ಕಥೆ ಹೇಳಿದ ಆ ಕಾದಂಬರಿಕಾರರ ಮನೆತನವೂ ಇದೇ ತಾಲ್ಲೂಕಿನ ತಳುಕಿನದು.

ಪರಮಶಿವನ್ ಎಳೆಯ ವಯಸ್ಸಿನಲ್ಲಿಯೇ ಬಣ್ಣ ಹಚ್ಚಿ ವೃತ್ತಿರಂಗಭೂಮಿಯನ್ನು ಹೊಕ್ಕವರು. ಮುಂದೆ ಹಾರ್ಮೋನಿಯಂ ಅವರ ಕೈ ಹಿಡಿಯಿತು.

ಕಂಪೆನಿಯ ಹಾರ್ಮೋನಿಯಂ ಎಂದರೆ ಭಜನೆಯ ಮನೆಯ ಪೆಟ್ಟಿಗೆಯಲ್ಲ. ಕಾಲಿನಿಂದ ತಿದಿಯೊತ್ತುವ ದೊಡ್ಡ ವಾದ್ಯ. ಎರಡು ಕೈಗಳೂ ಮನೆಗಳ ಮೇಲೆ ಓಡಾಡಲು ಬಿಡುವಾಗಿರುತ್ತಿದ್ದವು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ನಟ ಕೊನೆಯ ಸಾಲಿನ ನಾಲ್ಕಾಣೆ ಪ್ರೇಕ್ಷಕನಿಗೂ ಕೇಳಿಸುವಂತೆ ಏರು ಶ್ರುತಿಯಲ್ಲಿ ಹಾಡಬೇಕು. ಅವನ ಗಂಟಲು ಕೈಕೊಟ್ಟರೆ ಮೇಷ್ಟರು ಸ್ವರ ತುಂಬಬೇಕು. ಒಳಗೆ ಪರದೆ ಸಿಕ್ಕಿಕೊಂಡರೆ ಹಾಡನ್ನು ಹಿಗ್ಗಿಸಬೇಕು. ‘ಒನ್ಸ್ ಮೋರ್’ ಕೂಗು ಎದ್ದರೆ, ಸತ್ತು ಬಿದ್ದ ಪಾತ್ರವೇ ಎದ್ದು ನಿಂತರೂ ಬೆಚ್ಚದೆ ಪಲ್ಲವಿಯನ್ನು ಮತ್ತೆ ಎತ್ತಿಕೊಳ್ಳಬೇಕು! ಈ ವಿದ್ಯೆಯನ್ನು ಯಾವ ಪಾಠಶಾಲೆಯೂ ಕಲಿಸಲಿಲ್ಲ.

ವಿದ್ವಾಂಸರಿಗೆ ಮಾತ್ರ ಈ ವಾದ್ಯ ಮೊದಲಿನಿಂದಲೂ ಪರಕೀಯ. 1842ರಲ್ಲಿ ಪ್ಯಾರಿಸಿನ ದೆಬೆಂ ಎಂಬಾತ ಹಕ್ಕುಪತ್ರ ಪಡೆದ ಪೆಟ್ಟಿಗೆಯಲ್ಲಿ ನಮ್ಮ ಗಮಕ ಹೇಗೆ ನುಡಿದೀತು? ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವ ದಾರಿಯೇ ಅದರಲ್ಲಿಲ್ಲ. ಆಕ್ಷೇಪ ಸುಳ್ಳಲ್ಲ. ಆಕಾಶವಾಣಿಯಂತೂ 1940ರಲ್ಲಿ ಅದನ್ನು ಬಾಗಿಲಿನ ಹೊರಗಿಟ್ಟು, 1971ರವರೆಗೆ ಕದ ತೆರೆಯಲಿಲ್ಲ. ಆದರೆ ನಾಟಕದ ಮಟ್ಟುಗಳು ಈ ವಾದ್ಯದ ಮಗ್ಗುಲಲ್ಲಿಯೇ ಬೆಳೆದವು. ಅದನ್ನು ತಳ್ಳಿ ಹಾಡನ್ನಷ್ಟೇ ಉಳಿಸಿಕೊಳ್ಳುತ್ತೇವೆಂದರೆ ಸಾಧ್ಯವಿರಲಿಲ್ಲ.

1934ರಲ್ಲಿ ‘ಸತಿ ಸುಲೋಚನಾ’ ತೆರೆ ಕಂಡಿತು. ನಟರು, ಸಂಗೀತಗಾರರು ಒಬ್ಬೊಬ್ಬರಾಗಿ ಅತ್ತ ನಡೆದರು. ವರ್ಷಗಳು ಉರುಳಿದಂತೆ ಕಂಪೆನಿಗಳು ಡೇರೆ ಕಿತ್ತವು. ಪರದೆ, ಕಿರೀಟಗಳಿಗೆ ಕೊಳ್ಳುವವರಾದರೂ ಸಿಕ್ಕಾರು. ಮಟ್ಟುಗಳನ್ನು ಯಾರು ಕೊಂಡಾರು? ಅವು ಬೆರಳುಗಳಲ್ಲಿದ್ದ ಆಸ್ತಿ. ಬೆರಳಿನೊಡನೆಯೇ ಹೋಗುವಂಥವು.

ಪರಮಶಿವನ್ ಅವುಗಳನ್ನು ಹೋಗಗೊಡಲಿಲ್ಲ. ಕಂಪೆನಿಯ ಕಾಲ ಮುಗಿದ ಮೇಲೆಯೂ ರಂಗಗೀತೆಗಳನ್ನು ನುಡಿಸಿದರು, ಹಾಡಿದರು. ಡೇರೆಯ ಮುಖವನ್ನೇ ಕಾಣದ ಹೊಸ ತಲೆಮಾರಿನ ನಟರಿಗೆ ಕಲಿಸಿಕೊಟ್ಟರು. ಅಷ್ಟರಲ್ಲಿ ಕಾಲವೂ ತುಸು ತಿರುಗಿತ್ತು. ಹುಡುಗನಾಗಿದ್ದಾಗ ಗುಬ್ಬಿ ಕಂಪೆನಿಯಲ್ಲಿ ಪಳಗಿದ್ದ ಬಿ. ವಿ. ಕಾರಂತರು ಆಧುನಿಕ ನಾಟಕಗಳಿಗೆ ಹಾಡನ್ನು ಮರಳಿ ಕರೆತಂದಿದ್ದರು. ಹವ್ಯಾಸಿಗಳು ಹಳೆಯ ಮೇಷ್ಟರ ಮುಂದೆ ಕುಳಿತು ಕಲಿಯಲು ನಾಚಿಕೊಳ್ಳಬೇಕಾಗಿರಲಿಲ್ಲ. ಪುಸ್ತಕದಲ್ಲಿ ಒಂದೇ ರಾಗದ ಹೆಸರು ಹೊತ್ತ ಹತ್ತು ಹಾಡುಗಳು ಹತ್ತು ಬೇರೆ ನಡಿಗೆಯವೆಂಬುದು ಅವರಿಗೆ ತಿಳಿದದ್ದು ಇಂಥ ಬೆರಳುಗಳಿಂದ.

ಆಕಾಶವಾಣಿಯು ಮೂರು ದಶಕಗಳ ಕಾಲ ದೂರವಿಟ್ಟಿದ್ದ ವಾದ್ಯವನ್ನೇ ನೆಚ್ಚಿ ಬಾಳಿದ ಚಳ್ಳಕೆರೆಯ ಈ ಮೇಷ್ಟರನ್ನು ಅದೇ ದೆಹಲಿಯ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಕರೆದು ಪ್ರಶಸ್ತಿಯಿತ್ತಿತು.