ಬೆಸುಗೆಯ ವಿದ್ಯೆ ಮತ್ತು ಗ್ರಾಮೀಣ ತರುಣರು

ಪದವಿ ಪಡೆದವನೇ ವಿದ್ಯಾವಂತ, ಹತ್ತನೆಯ ತರಗತಿಯಲ್ಲಿ ಎಡವಿದವನು ಕೆಟ್ಟುಹೋದವನು ಎಂಬ ಎಣಿಕೆ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಕಾಯಕಕ್ಕೆ ಹಿರಿದಾದ ಸ್ಥಾನ ಕೊಟ್ಟ ನಾಡಿನಲ್ಲಿ, ಕೈಗೆಲಸವು ಸೋತವರ ಪಾಲೆಂಬ ಭಾವನೆ ಇನ್ನೂ ಉಳಿದಿರುವುದು ವಿಷಾದದ ಸಂಗತಿ. ಈ ಎಣಿಕೆಯ ಬೆಲೆಯನ್ನು ತೆರುತ್ತಿರುವವರು ಶಲವಡಿಯಂತಹ ಗ್ರಾಮಗಳ ತರುಣರು.

ನವಲಗುಂದ-ಅಣ್ಣಿಗೇರಿ ಭಾಗದ ಎರೆಹೊಲಗಳಲ್ಲಿ ಕಡಲೆ, ಜೋಳ, ಹತ್ತಿಗಳ ಫಸಲು ಬಹುಮಟ್ಟಿಗೆ ಮಳೆಯನ್ನು ನಂಬಿದೆ. ಹೊಲ ಹಂಚಿಹೋದಂತೆ ಒಕ್ಕಲುತನವೊಂದರಿಂದಲೇ ಮನೆತನ ಸಾಗದು. ಆಗ ಶಾಲೆ ಬಿಟ್ಟ ಹುಡುಗ ಹುಬ್ಬಳ್ಳಿಯ ಹಾದಿ ಹಿಡಿದು ವೆಲ್ಡಿಂಗ್ ಅಂಗಡಿಯೊಂದರಲ್ಲಿ ಹೆಲ್ಪರ್ ಆಗಿ ಸೇರುತ್ತಾನೆ. ಅಲ್ಲಿ ನೋಡಿ ಕಲಿತ ಕೈಯನ್ನು ಹೀಗಳೆಯುವಂತಿಲ್ಲ. ಬಿತ್ತಿಗೆಯ ಹೊತ್ತಿಗೆ ಮುರಿದ ಕೂರಿಗೆ, ಬಿರುಕು ಬಿಟ್ಟ ಟ್ರೇಲರುಗಳನ್ನು ಸರಿಪಡಿಸಿ ರೈತನನ್ನು ಪಾರುಮಾಡುವವರು ಅಂಥವರೇ. ಆದರೆ ಕೈಚಳಕದೊಡನೆ ಕಾರಣದ ಅರಿವು ಕೂಡದಿದ್ದರೆ ಆ ವಿದ್ಯೆ ಅರ್ಧಕ್ಕೇ ನಿಲ್ಲುತ್ತದೆ.

ಆರ್ಕಿನ ಶಾಖಕ್ಕೆ ಲೋಹದ ಅಂಚುಗಳೂ ರಾಡೂ ಕರಗಿ ಒಂದಾಗುತ್ತವೆ. ರಾಡಿನ ಮೇಲಿನ ಲೇಪವು ಉರಿದು, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಆ ಲೇಪಕ್ಕೆ ತೇವ ತಗಲಿದ್ದರೆ ಜಲಜನಕವು ಒಳಸೇರಿ, ಮೇಲೆ ನುಣುಪಾಗಿ ಕಂಡ ಬೆಸುಗೆ ಒಳಗಿನಿಂದಲೇ ಬಿರಿಯಬಹುದು. ಕಪ್ಪು ಗಾಜಿಲ್ಲದೆ ಆರ್ಕನ್ನು ನೋಡಿದವನ ಕಣ್ಣು ಅದೇ ರಾತ್ರಿ ಮರಳು ಹೊಕ್ಕಂತೆ ಉರಿಯುತ್ತದೆ. ಸತುವು ಲೇಪಿಸಿದ ಕಬ್ಬಿಣದ ಹೊಗೆಯಿಂದ ಜ್ವರ ಬರುತ್ತದೆ. ಬೆಸುಗೆಯ ಹೊಗೆ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2017ರಲ್ಲಿ ನಿರ್ಣಯಿಸಿತು. ಇವನ್ನೆಲ್ಲ ಕೆಲಸದ ಗಡಿಬಿಡಿಯಲ್ಲಿ ಹೇಳಿಕೊಡುವವರು ವಿರಳ.

ಈ ವಿದ್ಯೆಯ ಹೊಣೆ ಎಷ್ಟು ದೊಡ್ಡದೆಂಬುದಕ್ಕೆ ತುಂಗಭದ್ರೆಯೇ ಸಾಕ್ಷಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ, ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಹಲಗೆಗಳನ್ನು ತ್ವರೆಯಿಂದ ಸಿದ್ಧಗೊಳಿಸಿ ಸುಮಾರು ಒಂದು ವಾರದಲ್ಲಿ ನೀರನ್ನು ತಡೆಯಲಾಯಿತು. ತಜ್ಞರ ಯೋಜನೆಗೆ ರೂಪು ಕೊಟ್ಟದ್ದು ಪಳಗಿದ ಕೈಗಳು. ಅಂತಹ ಕೆಲಸದಲ್ಲಿ ಅರೆಬರೆ ಬೆಸುಗೆಗೆ ಎಡೆಯಿಲ್ಲ.

ಕ್ರಮಬದ್ಧ ಶಿಕ್ಷಣಕ್ಕೆ ಮಾರ್ಗವಿಲ್ಲದಿಲ್ಲ. ಕೇಂದ್ರ ಸರಕಾರವು 1950ರಲ್ಲಿ ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯನ್ವಯ ಐ.ಟಿ.ಐ.ಗಳಲ್ಲಿ ವೆಲ್ಡರ್ ತರಬೇತಿಯ ಅವಧಿ ಒಂದೇ ವರ್ಷ. ಎಂಟನೆಯ ತರಗತಿ ತೇರ್ಗಡೆಯಾದವರಿಗೂ ಪ್ರವೇಶವಿದೆ. ನಕ್ಷೆ ಓದುವುದು, ಅಳತೆಯ ಲೆಕ್ಕ, ತಲೆಯ ಮೇಲಣ ಬೆಸುಗೆ ಇವೆಲ್ಲ ಅಲ್ಲಿನ ಪಾಠಗಳು. ಅನಂತರ 1961ರ ಅಪ್ರೆಂಟಿಸ್ ಕಾಯ್ದೆಯಂತೆ ವೇತನಸಹಿತ ಅನುಭವ ಗಳಿಸಬಹುದು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿಯೂ ಈ ಅವಕಾಶವುಂಟು. ಪ್ರಮಾಣಪತ್ರವೊಂದೇ ಸಾಲದೆಂಬುದೂ ನಿಜ. ದಿನವೂ ರಾಡು ಸುಡದೆ ಕೈ ಪಳಗದು; ಆದ್ದರಿಂದ ಸಂಸ್ಥೆಯನ್ನು ಆರಿಸುವಾಗ ಕಟ್ಟಡಕ್ಕಿಂತ ಕಾರ್ಯಾಗಾರವನ್ನು ನೋಡಬೇಕು.

ಹಾಗಿದ್ದರೂ ಹುಡುಗರು ಈ ದಾರಿಗೆ ಬಾರದಿರಲು ಕಾರಣ ಸ್ಪಷ್ಟವಿದೆ. ಅಂಗಡಿ ಸೇರಿದರೆ ಮೊದಲ ವಾರವೇ ಕೂಲಿ ಕೈಗೆ ಬರುತ್ತದೆ. ತರಬೇತಿಗೆ ಸೇರಿದರೆ ಒಂದು ವರ್ಷ ಮನೆಯೇ ಅವನನ್ನು ಸಾಕಬೇಕು. ಬಡ ಕುಟುಂಬಕ್ಕೆ ಆ ಒಂದು ವರ್ಷ ದಾಟಲಾಗದ ಹೊಳೆ. ಮಠಗಳ ಪ್ರಸಾದ ನಿಲಯಗಳು ತಲೆಮಾರುಗಳಿಂದ ಬಡ ವಿದ್ಯಾರ್ಥಿಗಳನ್ನು ಕಾಲೇಜಿನ ದಡ ಮುಟ್ಟಿಸಿವೆ. ಅದೇ ಅನ್ನ, ಅದೇ ಆಶ್ರಯ ಐ.ಟಿ.ಐ. ಸೇರುವ ಹುಡುಗನಿಗೂ ದೊರೆಯುವುದು ನ್ಯಾಯ.

ದಾನಿಗಳು ಕೊಠಡಿಗೆ ಹೆಸರು ಬರೆಯಿಸುವುದರೊಡನೆ ಒಬ್ಬ ತರುಣನ ಬಸ್ಸಿನ ಪಾಸು, ಬೂಟು, ಮುಖಗವಚಗಳ ವೆಚ್ಚವನ್ನೂ ವಹಿಸಿಕೊಳ್ಳಲಿ. ಕಾರ್ಖಾನೆಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಅಪ್ರೆಂಟಿಸ್ ಸ್ಥಾನಗಳ ಸುದ್ದಿಯನ್ನು ಶಾಲೆಗೆ ಮುಟ್ಟಿಸಲಿ. ಶಿಕ್ಷಕರು ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಕೈಯಲ್ಲಿ ಜಾಣತನವಿರುವ ಹುಡುಗನನ್ನು ಗುರುತಿಸಿ, ಅವನ ತಂದೆತಾಯಿಗಳನ್ನು ಕರೆದು ತಿಳಿಹೇಳಲಿ. ವೆಲ್ಡರನಾಗಿ ದುಡಿದು ಮನೆಯನ್ನು ನಿಲ್ಲಿಸಿದವನ ಹೆಸರೂ ಪ್ರತಿಭಾವಂತರ ಯಾದಿಯಲ್ಲಿ ಸೇರುವಂತಾಗಲಿ.