ಲಿಂಕನ್ನರ ಸಮಾಧಿ ಮತ್ತು ಒಬ್ಬ ವಿಧವೆಯ ಹಟ

1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ ನಾಟಕಶಾಲೆಯಲ್ಲಿ ಗುಂಡೇಟಿಗೆ ಗುರಿಯಾದ ಅಬ್ರಹಾಂ ಲಿಂಕನ್ ಮರುದಿನ ಬೆಳಗ್ಗೆ ಎದುರು ಮನೆಯ ಕೋಣೆಯೊಂದರಲ್ಲಿ ಕೊನೆಯುಸಿರೆಳೆದರು. ಅವರ ಪಾರ್ಥಿವ ಶರೀರದ ಮೇಲಿನ ಹಕ್ಕು ರಾಷ್ಟ್ರದ್ದೋ ಮನೆಯವರದೋ ಎಂಬ ಪ್ರಶ್ನೆ ಅಂದೇ ಎದ್ದಿತು. ಈ ವಿಚಾರದಲ್ಲಿ ಮಡದಿ ಮೇರಿಯನ್ನು ಹಟಮಾರಿ ಹೆಂಗಸೆಂದು ಚಿತ್ರಿಸುವ ರೂಢಿ ಬೆಳೆದುಬಂದಿದೆ. ಆಕೆಯ ಸ್ವಭಾವ ಕಟುವಾಗಿದ್ದಿರಬಹುದು. ಆದರೆ ಸಮಾಧಿಯ ವಿಷಯದಲ್ಲಿ ನ್ಯಾಯ ಆಕೆಯ ಪಕ್ಷದಲ್ಲಿತ್ತು.

ಏಪ್ರಿಲ್ 19ರಂದು ಶ್ವೇತಭವನದಲ್ಲಿ ನಡೆದ ಅಂತ್ಯವಿಧಿಗೆ ಮೇರಿ ಬರಲಾರದೆ ಹೋದರು. 21ರಂದು ಹೊರಟ ರೈಲು ಬಾಲ್ಟಿಮೋರ್, ಫಿಲಡೆಲ್ಫಿಯ, ನ್ಯೂಯಾರ್ಕ್, ಕ್ಲೀವ್‌ಲೆಂಡ್, ಚಿಕಾಗೊಗಳ ಮೂಲಕ ಸುಮಾರು 2,600 ಕಿಲೋಮೀಟರ್ ಸಾಗಿ ಮೇ 3ರಂದು ಸ್ಪ್ರಿಂಗ್‌ಫೀಲ್ಡ್ ತಲುಪಿತು. ಅದೇ ಬೋಗಿಯಲ್ಲಿ ಮತ್ತೊಂದು ಚಿಕ್ಕ ಪೆಟ್ಟಿಗೆಯಿತ್ತು. ಮೂರು ವರ್ಷಗಳ ಹಿಂದೆ, ಹನ್ನೊಂದರ ವಯಸ್ಸಿನಲ್ಲಿ ತೀರಿಕೊಂಡ ಮಗ ವಿಲ್ಲಿಯನ್ನು ಜಾರ್ಜ್‌ಟೌನಿನ ಸ್ಮಶಾನದಿಂದ ಹೊರತೆಗೆದು ತಂದೆಯೊಡನೆ ಊರಿಗೆ ಒಯ್ಯಲಾಗುತ್ತಿತ್ತು. ಜನ ನೆರೆದದ್ದು ದೊಡ್ಡ ಪೆಟ್ಟಿಗೆಗಾಗಿ. ತಾಯಿಯ ಮನಸ್ಸಿನಲ್ಲಿ ಎರಡೂ ಇದ್ದಿರಬೇಕು.

ದೇಹವನ್ನು ರಾಸಾಯನಿಕಗಳಿಂದ ಕೆಡದಂತೆ ಕಾಪಾಡಿದ್ದರೂ ದಾರಿಯಲ್ಲಿ ಮುಖ ಕಪ್ಪಿಡತೊಡಗಿ, ಮತ್ತೆ ಮತ್ತೆ ಬಣ್ಣ ಹಚ್ಚಬೇಕಾಯಿತು. ಆದರೂ ಊರೂರಿನಲ್ಲಿ ಮುಚ್ಚಳ ತೆರೆಯಲಾಯಿತು. ಜನರ ಶೋಕ ನಿಜವಾದದ್ದೇ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಶೋಕವನ್ನು ವ್ಯವಸ್ಥೆಗೊಳಿಸಿದವರ ಮನಸ್ಸು ಎಲ್ಲೆಡೆಯೂ ಶುದ್ಧವಾಗಿರಲಿಲ್ಲ. ನ್ಯೂಯಾರ್ಕಿನ ನಗರಸಭೆ ಮೆರವಣಿಗೆಯಲ್ಲಿ ಕರಿಯರು ಭಾಗವಹಿಸಕೂಡದೆಂದು ನಿರ್ಣಯಿಸಿತ್ತು! ಯಾರ ದಾಸ್ಯವಿಮೋಚನೆಯ ಘೋಷಣೆಗೆ ಲಿಂಕನ್ ಸಹಿ ಹಾಕಿದ್ದರೋ ಅವರಿಗೇ ಶವಯಾತ್ರೆಯಲ್ಲಿ ಎಡೆಯಿರಲಿಲ್ಲ. ವಾಷಿಂಗ್ಟನ್ನಿನ ಯುದ್ಧ ಇಲಾಖೆ ಮಧ್ಯೆ ಪ್ರವೇಶಿಸಿದ ಮೇಲೆ ಇನ್ನೂರಕ್ಕೂ ಹೆಚ್ಚು ಮಂದಿ ನಡೆದರು, ಅದೂ ಮೆರವಣಿಗೆಯ ಕಟ್ಟಕಡೆಯಲ್ಲಿ. ರಾಷ್ಟ್ರವೇ ಮೃತರ ವಾರಸುದಾರ ಎನ್ನುವವರು ಈ ಪ್ರಸಂಗವನ್ನು ನೆನೆಯುವುದು ಒಳ್ಳೆಯದು.

ಸ್ಪ್ರಿಂಗ್‌ಫೀಲ್ಡಿನ ಮುಖಂಡರು ಊರ ನಡುವಿನ ಮ್ಯಾದರ್ ಕುಟುಂಬದ ಜಾಗವನ್ನು ಗೊತ್ತುಮಾಡಿ, ಅವಸರದಲ್ಲಿ ಅಲ್ಲೊಂದು ಸಮಾಧಿಗೃಹವನ್ನೂ ಕಟ್ಟಿಸಿದ್ದರು. ರೈಲಿನಿಂದ ಇಳಿದವರ ಕಣ್ಣಿಗೆ ಬೀಳುವ ಸ್ಥಳ ಅದು. ಊರಿಗೆ ಅದರಿಂದ ಕೀರ್ತಿ, ವ್ಯಾಪಾರಕ್ಕೂ ಲಾಭ. ಮೇರಿ ಒಪ್ಪಲಿಲ್ಲ. ಊರ ಹೊರಗಿನ ಓಕ್ ರಿಡ್ಜ್ ಸ್ಮಶಾನವೇ ಆಗಬೇಕು, ನಿಶ್ಶಬ್ದವಾದ ತಾಣವೇ ತಮ್ಮ ಪತಿಯ ಬಯಕೆಯಾಗಿತ್ತು ಎಂದರು. ಮೇ 4ರಂದು ಅಲ್ಲಿಯೇ ಇರಿಸಲಾಯಿತು. ಸ್ಮಾರಕವನ್ನಾದರೂ ಪೇಟೆಯ ನಡುವೆ ಕಟ್ಟೋಣವೆಂದು ಮುಖಂಡರು ಮತ್ತೆ ಹೊರಟಾಗ, ದೇಹವನ್ನೇ ಬೇರೆ ನಗರಕ್ಕೆ ಒಯ್ಯುವುದಾಗಿ ಎಚ್ಚರಿಸಿದರು. ಆ ಸಮಾಧಿಯಲ್ಲಿ ತಮ್ಮ ಕುಟುಂಬದವರ ಹೊರತು ಬೇರಾರಿಗೂ ಸ್ಥಳವಿರಕೂಡದೆಂದು ಬರಹದಲ್ಲಿ ಭರವಸೆ ಕೇಳಿದರು. ಇದನ್ನು ಹಟವೆನ್ನುವುದಾದರೆ ಎನ್ನಬಹುದು. ಪತಿಯ ಬದುಕನ್ನು ರಾಷ್ಟ್ರಕ್ಕೆ ಬಿಟ್ಟುಕೊಟ್ಟಿದ್ದ ಹೆಣ್ಣು, ಪಕ್ಕದಲ್ಲಿ ಮಲಗುವ ಆರಡಿ ನೆಲವನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಈ ನಿರ್ಧಾರಕ್ಕೆ ಬೆಲೆಯನ್ನೂ ತೆರಬೇಕಾಯಿತೆಂಬುದನ್ನು ಮರೆಮಾಚಬೇಕಿಲ್ಲ. 1876ರ ನವೆಂಬರ್ 7ರ ರಾತ್ರಿ, ಖೋಟಾ ನೋಟಿನ ತಂಡವೊಂದು ನಿರ್ಜನವಾಗಿದ್ದ ಆ ಸ್ಮಶಾನಕ್ಕೆ ನುಗ್ಗಿ ಶವಪೆಟ್ಟಿಗೆಯನ್ನು ಅರ್ಧ ಹೊರಗೆಳೆಯಿತು. ಸೆರೆಯಲ್ಲಿದ್ದ ಸಂಗಾತಿಯ ಬಿಡುಗಡೆ ಮತ್ತು 2 ಲಕ್ಷ ಡಾಲರು ಅವರ ಗುರಿ. ತಂಡದೊಳಗೆ ಸೀಕ್ರೆಟ್ ಸರ್ವಿಸ್‌ನ ಗುಪ್ತಚರನಿದ್ದುದರಿಂದ ಸಂಚು ಮುರಿಯಿತು. 1901ರಲ್ಲಿ ಹಿರಿಯ ಮಗ ರಾಬರ್ಟ್ ಪೆಟ್ಟಿಗೆಯನ್ನು ಹತ್ತು ಅಡಿ ಆಳದಲ್ಲಿ ಕಾಂಕ್ರೀಟಿನೊಳಗೆ ಹುದುಗಿಸಿದರು.

1882ರಲ್ಲಿ ತೀರಿಕೊಂಡ ಮೇರಿ ಅಲ್ಲಿಯೇ, ಪತಿ ಮತ್ತು ಮೂವರು ಮಕ್ಕಳ ಜೊತೆಗಿದ್ದಾರೆ. ರಾಬರ್ಟ್ ಇಲ್ಲ. ತಮ್ಮ ಗಂಡನಿಗೆ ತಂದೆಯ ನೆರಳಿನಾಚೆ ಸ್ವಂತ ಸ್ಥಾನವಿರಬೇಕೆಂದು ಬಗೆದ ಅವರ ಪತ್ನಿ, ಆರ್ಲಿಂಗ್ಟನ್ನಿನಲ್ಲಿ ಅವರನ್ನು ಮಣ್ಣುಮಾಡಿಸಿದರು.