ಮಾತು ತಡವಾದ ಮಗುವಿಗೆ ಅಮ್ಮನ ಮಾತು ತಪ್ಪಿಸಬೇಡಿ

ಮಂಗಳೂರಿನ ಆಸ್ಪತ್ರೆಯಿಂದ ರೈಲು ಹತ್ತಿ ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಇಳಿಯುವಾಗ ನಿಮ್ಮ ಕೈಯಲ್ಲಿ ಇಂಗ್ಲಿಷಿನ ಒಂದು ವರದಿ ಇರುತ್ತದೆ. ಮಗುವಿಗೆ ಆಟಿಸಂ ಇದೆ ಎಂದು ಅದರಲ್ಲಿ ಬರೆದಿದೆ. ವೈದ್ಯರು ವಿವರಿಸಿಯೇ ಹೇಳಿರುತ್ತಾರೆ. ಆದರೆ ಆ ಒಂದು ಪದ ಕೇಳಿದ ಮೇಲೆ ಉಳಿದದ್ದು ಯಾರ ಕಿವಿಗೂ ಬಿದ್ದಿರುವುದಿಲ್ಲ. ಮನೆಗೆ ಬಂದರೆ ಅಜ್ಜಿ, 'ಇವನ ಅಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು' ಎನ್ನುತ್ತಾರೆ. ನೆರೆಯವರು ಒಂದು ಹರಕೆ ಹೇಳುತ್ತಾರೆ. ಮೊಬೈಲಿನಲ್ಲಿ ಪೂರ್ತಿ ಗುಣಪಡಿಸುವ ಔಷಧಿಯ ಜಾಹೀರಾತೂ ಬರುತ್ತದೆ. (ಅಂಥ ಔಷಧಿ ಇಲ್ಲ, ಹಣ ಕೊಡಬೇಡಿ.) ಆ ವಾರ ನಿಮಗೆ ಬೇಕಾದದ್ದು ಇದೇ ದಾರಿಯಲ್ಲಿ ನಡೆದು ಬಂದ ಇನ್ನೊಬ್ಬ ತಾಯಿಯೋ ತಂದೆಯೋ.

ಆಟಿಸಂ ಸೇವಾಸಂಸ್ಥೆಗಳು ಹುಟ್ಟಿದ್ದೇ ಹಾಗೆ. ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿಯನ್ನು 1962ರಲ್ಲಿ ಕಟ್ಟಿದವರು ಹೆತ್ತವರು. 1991ರಲ್ಲಿ ದೆಹಲಿಯಲ್ಲಿ ಆಕ್ಷನ್ ಫಾರ್ ಆಟಿಸಂ ಆರಂಭಿಸಿದ ಮೆರಿ ಬರುವಾ ಅವರೂ ಆಟಿಸಂ ಇರುವ ಮಗನ ತಾಯಿ. ಬ್ರಿಟನ್ನಿನ ಸಂಸ್ಥೆ 1997ರಲ್ಲಿ ಶುರುಮಾಡಿದ 'ಅರ್ಲಿಬರ್ಡ್' ತರಬೇತಿಯ ಕ್ರಮ ಬಹಳ ಸರಳ. ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳ ಕುಟುಂಬಗಳು, ಒಂದು ತಂಡದಲ್ಲಿ ಹೆಚ್ಚೆಂದರೆ ಆರು, ಮೂರು ತಿಂಗಳು ಒಟ್ಟಿಗೆ ಕೂತು ಕಲಿಯುತ್ತವೆ. ನಡುನಡುವೆ ತರಬೇತುದಾರರು ಮನೆಗೂ ಬರುತ್ತಾರೆ. ದೆಹಲಿಯಲ್ಲಾದರೆ ತಾಯಿ ಮತ್ತು ಮಗು ವಾರಗಟ್ಟಲೆ ಜೊತೆಯಾಗಿ ಬರುತ್ತಾರೆ. ಎರಡು ಕಡೆಯೂ ಪಾಠ ಹೆತ್ತವರಿಗೇ. ಮಗು ನಿಮ್ಮ ಕೈ ಹಿಡಿದು ನೀರಿನ ಕೊಡದ ಬಳಿ ಎಳೆದರೆ ಅದೂ ಮಾತೇ. ಕಿವಿ ಮುಚ್ಚಿ ಕಿರುಚಿದರೆ ಅದು ಹಟವೇ ಆಗಬೇಕೆಂದಿಲ್ಲ, ಮಿಕ್ಸಿಯ ಸದ್ದು ತಡೆಯಲಾರದೆ ಇರಬಹುದು. ಸ್ನಾನದ ನಂತರ ತಿಂಡಿ, ತಿಂಡಿಯ ನಂತರ ಶಾಲೆ ಎಂದು ಚಿತ್ರ ತೋರಿಸಿದರೆ ಗಾಬರಿ ಕಡಿಮೆಯಾಗುತ್ತದೆ.

ಇದೆಲ್ಲ ಅಡುಗೆಮನೆಯಲ್ಲಿ, ಮನೆಮಾತಿನಲ್ಲಿ ನಡೆಯಬೇಕಾದ ಕೆಲಸ. ಗಡಿನಾಡಿನಲ್ಲಿ ನಾವು ಎಡವುವುದು ಇಲ್ಲೇ. ಹಿಂದೊಮ್ಮೆ ಒಂದನೇ ತರಗತಿಗೆ ಬಂದ ಹುಡುಗನ ತಾಯಿಗೆ ಯಾರೋ ಹೇಳಿದ್ದರಂತೆ: ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಹೊರಗೆ ಮಲಯಾಳ, ಮಗುವಿನ ತಲೆ ಕೆಟ್ಟಿದ್ದೇ ಇದರಿಂದ; ಇನ್ನು ಮಲಯಾಳ ಮಾತ್ರ ಮಾತಾಡಿ. ಆಕೆ ಪಾಲಿಸಿದರು. 'ಮಾಸ್ಟ್ರೆ, ಮಲಯಾಳದಲ್ಲಿ ನನಗೆ ಬೈಯಲಿಕ್ಕೂ ಬರುವುದಿಲ್ಲ, ಮುದ್ದು ಮಾಡಲಿಕ್ಕೂ ಬರುವುದಿಲ್ಲ' ಎಂದರು. ಅಂದರೆ ಮಾತು ಬೇಕಾಗಿದ್ದ ಮಗುವಿನೆದುರು ಅಮ್ಮನೇ ಮೌನವಾಗಿದ್ದರು.

ಆ ಸಲಹೆಗೆ ಆಧಾರವಿಲ್ಲ. ಎರಡು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ. ಎರಡು ಭಾಷೆಗಳ ನಡುವೆ ಬೆಳೆಯುವ ಆಟಿಸಂ ಮಕ್ಕಳು ಒಂದೇ ಭಾಷೆಯ ಅಂಥ ಮಕ್ಕಳಿಗಿಂತ ಮಾತಿನಲ್ಲಿ ಹಿಂದೆ ಬೀಳುವುದಿಲ್ಲವೆಂದು ಹಲವು ಅಧ್ಯಯನಗಳು ಕಂಡಿವೆ. ನಿಮಗೆ ಸಲೀಸಾಗಿ ಬರುವ ಮಾತಿನಲ್ಲೇ ಮಗುವಿನೊಡನೆ ಆಡಿ. ಮಲಯಾಳ ಬೇಡವೆಂದು ನಾನು ಹೇಳುತ್ತಿಲ್ಲ. ಇಲ್ಲಿ ಬದುಕುವವರಿಗೆ ಅದೂ ಬೇಕು.

ಸಹಾಯವೇ ಇಲ್ಲವೆಂದರೆ ತಪ್ಪಾಗುತ್ತದೆ. ಬಿ.ಆರ್.ಸಿ.ಯಲ್ಲಿ ವಿಶೇಷ ಶಿಕ್ಷಕರಿದ್ದಾರೆ. ಬೌದ್ಧಿಕ ತೊಂದರೆಯೂ ಇರುವ ಮಕ್ಕಳಿಗೆ ಪಂಚಾಯತಿನ ಬಡ್ಸ್ ಶಾಲೆಗಳಿವೆ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಆಟಿಸಂ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಥೆರಪಿಗೆ ಒದಗುತ್ತದೆ. ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಲು ಹಿಂಜರಿಯಬೇಡಿ. ಅದು ಮಗುವಿನ ಹಣೆಬರಹವಲ್ಲ, ಸೌಲಭ್ಯಕ್ಕೆ ಬೇಕಾದ ಕಾಗದ. ಆದರೆ ಈ ಸಹಾಯ ಕನ್ನಡದಲ್ಲಿ ಸಿಗುವುದು ನಿಮ್ಮ ಅದೃಷ್ಟವನ್ನು ಹೊಂದಿಕೊಂಡಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆಟಿಸಂ ಇರುವ ಮಗುವನ್ನು ಅದು ಹೊರಗಿಟ್ಟಿಲ್ಲ. ಕನ್ನಡ ಅಧ್ಯಾಪಕರ ಹುದ್ದೆಗಾಗಿ ಧರಣಿ ಕೂರುವ ನಾವು ಕನ್ನಡ ಬಲ್ಲ ವಿಶೇಷ ಶಿಕ್ಷಕರನ್ನು ಕೇಳಿದ್ದೇವೆಯೇ? ನನಗೆ ನೆನಪಿಲ್ಲ.

ಮುಂದಿನ ಪಿ.ಟಿ.ಎ. ಸಭೆಯಲ್ಲಿ ಆ ಬೇಡಿಕೆಯನ್ನು ಬರೆಸಿ. ಅದರ ಜೊತೆಗೆ, ಅಕ್ಕಪಕ್ಕದ ನಾಲ್ಕೈದು ಶಾಲೆಗಳಲ್ಲಿ ಇಂಥ ಮಕ್ಕಳ ಹೆತ್ತವರು ಇರಬಹುದು. ಒಪ್ಪಿದವರನ್ನು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಒಂದು ತರಗತಿಯಲ್ಲಿ ಸೇರಿಸಿ. ಆರು ಕುಟುಂಬ ಬಂದರೆ ಧಾರಾಳ. ಮಕ್ಕಳನ್ನೂ ಕರೆತನ್ನಿ, ಬೆಂಚುಗಳನ್ನು ಗೋಡೆಗೆ ಸರಿಸಿಟ್ಟರೆ ಅವರಿಗೆ ಓಡಾಡಲು ಜಾಗವಾಗುತ್ತದೆ.